ಎಕೋ ಕೋಣೆಯ ಹೊರಗೆ ಕೂತಿದ್ದ ಅಕ್ಕನಿಗೆ

ಅಕ್ಕ, ಅವತ್ತು ನಿಮ್ಮ ಹೆಸರನ್ನೂ ಕೇಳಲಿಲ್ಲ. ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದಿರಿ. ನನ್ನ ಕೈಯಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನಿನ ರಿಪೋರ್ಟ್. ಒಂದೂವರೆ ವರ್ಷದ ಹಿಂದೆ 25 ಇದ್ದ ಇಜೆಕ್ಷನ್ ಫ್ರ್ಯಾಕ್ಷನ್ ಈಗ 55. ಅಂದರೆ ಹೃದಯದ ಎಡಗೋಣೆ ಪ್ರತಿ ಬಡಿತಕ್ಕೂ ತನ್ನೊಳಗಿನ ರಕ್ತದಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗೆ ತಳ್ಳುತ್ತಿದೆ. ಹಿಗ್ಗಿ ಸೋತಿದ್ದ ಹೃದಯ ಹತ್ತಿರಹತ್ತಿರ ಮೊದಲಿನ ಅಳತೆಗೆ ಬಂದಿತ್ತು. ಖುಷಿಗೆ, "ಇನ್ನು ಮಾತ್ರೆ ಬಿಟ್ಟುಬಿಡ್ತೀನಿ" ಅಂದೆ.

ನೀವು ಬೈಯಲಿಲ್ಲ. ಸುಮ್ನೆ ಬ್ಯಾಗಿನಿಂದ ವಾರದ ಮಾತ್ರೆ ಡಬ್ಬಿ ತೆಗೆದು ತೋರಿಸಿದಿರಿ. ಏಳು ಮುಚ್ಚಳ. ಬೆರಳು ತಾಗಿ ತಾಗಿ ವಾರದ ಹೆಸರುಗಳೆಲ್ಲ ಅಳಿಸಿಹೋಗಿದ್ದವು. "ನಮ್ಮನೆಯವರಿಗೂ ಹೀಗೇ ಸರಿಹೋಗಿತ್ತು. ನಿಲ್ಲಿಸಿದರು. ಐದೇ ತಿಂಗಳಿಗೆ ಮತ್ತೆ ಕಾಲು ಊದಿ, ಮಲಗಿದರೆ ಉಸಿರು ಕಟ್ಟೋದು. ಡಾಕ್ಟರನ್ನ ಕೇಳದೆ ಒಂದನ್ನೂ ಬಿಡಬೇಡಪ್ಪ" ಅಂದಿರಿ.

ಒಳಗೆ ಹೋಗಿ ಕೇಳಿದೆ. ಡಾಕ್ಟರು 2018ರಲ್ಲಿ ಪ್ರಕಟವಾದ ಟ್ರೆಡ್-ಎಚ್‌ಎಫ್ ಅಧ್ಯಯನದ ಬಗ್ಗೆ ಹೇಳಿದರು. ನನ್ನ ಹಾಗೇ ಚೇತರಿಸಿಕೊಂಡವರು ಮಾತ್ರೆಗಳನ್ನು ಹಂತಹಂತವಾಗಿ ನಿಲ್ಲಿಸಿದಾಗ, 6 ತಿಂಗಳೊಳಗೆ ಶೇ. 44ರಷ್ಟು ಜನರಿಗೆ ಕಾಯಿಲೆ ಮರುಕಳಿಸಿತು. ಮುಂದುವರಿಸಿದವರಲ್ಲಿ ಆ ಅವಧಿಯಲ್ಲಿ ಒಬ್ಬರಿಗೂ ಇಲ್ಲ. ವೈದ್ಯರ ನಿಗಾದಲ್ಲಿ ನಿಲ್ಲಿಸಿದವರ ಗತಿಯೇ ಹೀಗೆ! ಎಕೋ ಚೆನ್ನಾಗಿ ಬಂದರೆ ಕಾಯಿಲೆ ಹೋಯಿತು ಅಂತಲ್ಲ, ಔಷಧಿಯ ಹಿಡಿತದಲ್ಲಿದೆ ಅಂತ. ಇದು ನನಗೆ ಗೊತ್ತೇ ಇರಲಿಲ್ಲ.

ಮೊನ್ನೆಯ ಎಕೋದಲ್ಲೂ 55 ಇದೆ ಅಕ್ಕ. ಮೆಟ್ಟಿಲು ಹತ್ತಿದರೂ ದಮ್ಮು ಬರುವುದಿಲ್ಲ. ಹೊರಗೆ ಬಂದು ಆ ಬೆಂಚಿನಲ್ಲಿ ನಿಮ್ಮನ್ನು ಹುಡುಕಿದೆ. ತುಂಬಾ ಥ್ಯಾಂಕ್ಸ್. ನಿಮ್ಮನೆಯವರು ಈಗ ಹೇಗಿದ್ದಾರೆ?