ಅಂಕಿ ಅಚ್ಚಾಗುವ ಮುನ್ನ ಅಳತೆ ಯಾವುದೆಂದು ಕೇಳಬೇಕು

ಮಾನ್ಯ ಸಂಪಾದಕರೇ,

ಸಮೀಕ್ಷೆ ಮತ್ತು ಅಧ್ಯಯನಗಳ ಫಲಿತಾಂಶಗಳಿಗೆ ದಿನಪತ್ರಿಕೆಗಳಲ್ಲಿ ಈಗ ಮೊದಲಿಗಿಂತ ಹೆಚ್ಚಿನ ಜಾಗ ಸಿಗುತ್ತಿದೆ. ಇದು ನಿಜಕ್ಕೂ ಸಂತೋಷದ ವಿಷಯ. ಆದರೆ ಸಂಶೋಧನಾ ವಿಧಾನವನ್ನು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಬೋಧಿಸುತ್ತಿರುವ ನನಗೆ ಅಂಥ ವರದಿಗಳನ್ನು ಓದುವಾಗಲೆಲ್ಲ ಒಂದು ಕೊರತೆ ಎದ್ದು ಕಾಣುತ್ತದೆ. ಅಂಕಿ ಇರುತ್ತದೆ, ಶೇಕಡಾವಾರು ಇರುತ್ತದೆ, ಬಣ್ಣಬಣ್ಣದ ರೇಖಾಚಿತ್ರವೂ ಇರುತ್ತದೆ. ಆ ಅಂಕಿ ಯಾವ ಬಗೆಯ ಅಳತೆಯಿಂದ ಬಂತು ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ. ಆ ಸಾಲಿಲ್ಲದಿದ್ದರೆ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬೇಕು, ಅದರ ಮೇಲೆ ಯಾವ ಲೆಕ್ಕ ಹಾಕಬಹುದು, ಯಾವುದನ್ನು ಹಾಕಬಾರದು ಎಂದು ತಿಳಿಯಲು ಓದುಗರಿಗೆ ದಾರಿಯೇ ಇಲ್ಲ.

ಅಮೆರಿಕದ ಮನೋವಿಜ್ಞಾನಿ ಎಸ್.ಎಸ್. ಸ್ಟೀವನ್ಸ್ 1946ರಲ್ಲಿ ‘ಸೈನ್ಸ್’ ನಿಯತಕಾಲಿಕದಲ್ಲಿ ಬರೆದ ಲೇಖನದಲ್ಲಿ ಅಳತೆಗಳನ್ನು ನಾಮಸೂಚಕ, ಕ್ರಮಸೂಚಕ, ಅಂತರಸೂಚಕ, ಅನುಪಾತಸೂಚಕ ಎಂಬ ನಾಲ್ಕು ಮಟ್ಟಗಳಾಗಿ ವಿಂಗಡಿಸಿದರು. ಇಂದಿಗೂ ನಮ್ಮ ವಿಷಯದ ಮೊದಲ ಪಾಠಗಳಲ್ಲಿ ಇದೂ ಒಂದು. ನಾಮಸೂಚಕ ಅಳತೆಯಲ್ಲಿ ಅಂಕಿ ಬರೀ ಗುರುತು. ನಾಲ್ಕು ರಕ್ತದ ಗುಂಪುಗಳಿಗೆ 1, 2, 3, 4 ಎಂದು ಸಂಕೇತ ಕೊಟ್ಟರೆ ಯಾವ ಗುಂಪಿನವರು ಎಷ್ಟು ಜನರೆಂದು ಎಣಿಸಬಹುದೇ ಹೊರತು ಆ ಸಂಕೇತಗಳ ಸರಾಸರಿಗೆ ಏನೂ ಅರ್ಥವಿಲ್ಲ. ಇಲ್ಲಿ ಎಡವುವವರು ಕಡಿಮೆ. ಹೆಚ್ಚಿನವರು ಎಡವುವುದು ಎರಡನೆಯದರಲ್ಲಿ.

ಕ್ರಮಸೂಚಕ ಅಳತೆ ಯಾವುದು ಮೇಲು, ಯಾವುದು ಕೆಳಗು ಎಂದು ಹೇಳುತ್ತದೆ. ಎಷ್ಟು ಮೇಲು ಎಂಬುದನ್ನು ಹೇಳುವುದಿಲ್ಲ. ಖನಿಜಗಳ ಗಡಸುತನಕ್ಕಾಗಿ ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಶ್ರೇಣಿ ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ. ಯಾವುದು ಯಾವುದರ ಮೇಲೆ ಗೀರು ಮೂಡಿಸಬಲ್ಲದು ಎಂಬುದಷ್ಟೇ ಅದರ ಆಧಾರ. ಅದರಲ್ಲಿ ಟಾಲ್ಕ್ 1ನೆಯ ಸ್ಥಾನದಲ್ಲಿದೆ, ಕುರುಂದ 9ರಲ್ಲಿದೆ, ವಜ್ರ 10ರಲ್ಲಿದೆ. ಅಂಕಿಗಳನ್ನು ನೋಡಿದರೆ ಕುರುಂದಕ್ಕೂ ವಜ್ರಕ್ಕೂ ಕೂದಲೆಳೆಯ ಅಂತರ ಎನಿಸುತ್ತದೆ; ಉಪಕರಣದಿಂದ ನೇರವಾಗಿ ಅಳೆದರೆ ವಜ್ರವು ಕುರುಂದಕ್ಕಿಂತ ಹಲವು ಪಟ್ಟು ಗಡುಸು. ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ನಡುವಿನ ಎತ್ತರ ಸಮನಾಗಿರಬೇಕೆಂಬ ನಿಯಮ ಅಲ್ಲಿಲ್ಲ.

ರೆನ್ಸಿಸ್ ಲೈಕರ್ಟ್ 1932ರಲ್ಲಿ ಪರಿಚಯಿಸಿದ, ‘ಪೂರ್ಣವಾಗಿ ಒಪ್ಪುತ್ತೇನೆ’ಯಿಂದ ‘ಪೂರ್ಣವಾಗಿ ಒಪ್ಪುವುದಿಲ್ಲ’ದವರೆಗಿನ ಐದು ಉತ್ತರಗಳ ಮಾದರಿಗೂ ಇದೇ ಮಾತು ಅನ್ವಯಿಸುತ್ತದೆ. ಹಲವು ಅಭಿಪ್ರಾಯ ಸಮೀಕ್ಷೆಗಳು ನಿಂತಿರುವುದು ಇಂಥ ಉತ್ತರಗಳ ಮೇಲೆ. ಉತ್ತರಗಳಿಗೆ 1ರಿಂದ 5ರವರೆಗೆ ಅಂಕಿ ಕೊಡುತ್ತಾರೆ. ಒಂದೇ ಪ್ರಶ್ನೆಗೆ ಬಂದ ಉತ್ತರಗಳ ಸರಾಸರಿ 2ರಿಂದ 4ಕ್ಕೆ ಏರಿತೆಂದು ‘ಸಂತೃಪ್ತಿ ದುಪ್ಪಟ್ಟಾಯಿತು’ ಎಂದು ಶೀರ್ಷಿಕೆ ಕೊಟ್ಟರೆ ಅದು ತಪ್ಪು, ಏಕೆಂದರೆ ಆ ಅಂಕಿಗಳು ಉತ್ತರಗಳ ಸಾಲಿನಲ್ಲಿ ಸ್ಥಾನವನ್ನು ತೋರಿಸುತ್ತವೆಯೇ ವಿನಾ ಸಂತೃಪ್ತಿಯ ಪರಿಮಾಣವನ್ನಲ್ಲ. ಸರಾಸರಿ ಇನ್ನೊಂದು ಸಂಗತಿಯನ್ನೂ ಮುಚ್ಚಿಡುತ್ತದೆ. ಒಂದು ಗುಂಪಿನಲ್ಲಿ ಎಲ್ಲರೂ 3 ಎಂದು ಉತ್ತರಿಸಿದ್ದಾರೆ, ಇನ್ನೊಂದರಲ್ಲಿ ಅರ್ಧ ಜನ 1, ಅರ್ಧ ಜನ 5 ಎಂದಿದ್ದಾರೆ ಎಂದುಕೊಳ್ಳಿ. ಎರಡರ ಸರಾಸರಿಯೂ 3. ಮೊದಲನೆಯದು ತಟಸ್ಥವಾಗಿರುವ ಗುಂಪು, ಎರಡನೆಯದು ಎರಡಾಗಿ ಒಡೆದಿರುವ ಗುಂಪು. ಯಾವ ಉತ್ತರವನ್ನು ಎಷ್ಟು ಜನ ಕೊಟ್ಟರು ಎಂಬ ಹಂಚಿಕೆಯನ್ನೇ ಮುದ್ರಿಸಿದರೆ ಈ ಭೇದ ಓದುಗರಿಗೆ ತಾನಾಗಿಯೇ ಕಾಣುತ್ತದೆ. ಕ್ರಮಸೂಚಕ ಅಂಕಿಗಳ ಮೇಲೆ ಸರಾಸರಿ ತೆಗೆಯಲೇಬಾರದೇ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಯಾವ ಮಟ್ಟದ ಅಳತೆಗೆ ಯಾವ ಲೆಕ್ಕ ಸಲ್ಲುತ್ತದೆ ಎಂಬ ಸ್ಟೀವನ್ಸ್ ಅವರ ಕಟ್ಟುಪಾಡುಗಳನ್ನು ಮನೋಮಾಪನ ತಜ್ಞ ಫ್ರೆಡರಿಕ್ ಲಾರ್ಡ್ 1953ರಲ್ಲಿಯೇ ಪ್ರಶ್ನಿಸಿದ್ದರು. ಒಂದೇ ವಿಷಯದ ಬಗ್ಗೆ ಹಲವು ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ಕೂಡಿಸಿ ಪಡೆದ ಮೊತ್ತಕ್ಕೆ ಸರಾಸರಿ ಕಟ್ಟುವುದನ್ನು ನಾನು ಆಕ್ಷೇಪಿಸುವುದಿಲ್ಲ. ಒಂಟಿ ಪ್ರಶ್ನೆಯ ಅಂಕಿಯಲ್ಲಿ ‘ಇಷ್ಟು ಪಟ್ಟು’ ಎನ್ನುವುದನ್ನು ಮಾತ್ರ ಯಾವ ಪಂಥದವರೂ ಸಮರ್ಥಿಸಲಾರರು.

‘ಪಟ್ಟು’ ಎನ್ನಲು ನಿಜವಾದ ಸೊನ್ನೆ, ಅಂದರೆ ಅಳೆಯುವ ಗುಣವೇ ಇಲ್ಲವೆನ್ನುವ ಸೊನ್ನೆ ಬೇಕು. ಮೂರನೆಯದಾದ ಅಂತರಸೂಚಕ ಅಳತೆಯಲ್ಲಿ ಮೆಟ್ಟಿಲುಗಳು ಸಮನಾಗಿದ್ದರೂ ಅಂಥ ಸೊನ್ನೆ ಇರುವುದಿಲ್ಲ. ಸೆಲ್ಸಿಯಸ್ ಅಳತೆಯಲ್ಲಿ 20 ಡಿಗ್ರಿಯು 10 ಡಿಗ್ರಿಯ ಎರಡರಷ್ಟು ಬಿಸಿಯಲ್ಲ. ಅದೇ ಎರಡು ತಾಪಮಾನಗಳನ್ನು ಫ್ಯಾರನ್‌ಹೀಟ್‌ನಲ್ಲಿ ಬರೆದರೆ 68 ಮತ್ತು 50 ಆಗುತ್ತವೆ, ‘ಎರಡರಷ್ಟು’ ಮಾಯವಾಗುತ್ತದೆ. ಬುದ್ಧಿಸೂಚ್ಯಂಕದ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಸರಾಸರಿಯನ್ನು 100ಕ್ಕೆ, ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ತೋರಿಸುವ ಮಾನಕ ವಿಚಲನೆಯನ್ನು 15ಕ್ಕೆ ಹೊಂದಿಸಿರುತ್ತಾರೆ. ಅಲ್ಲಿ ಬುದ್ಧಿಯೇ ಇಲ್ಲವೆನ್ನುವ ಸೊನ್ನೆಯಿಲ್ಲ, ಹೀಗಾಗಿ 140 ಪಡೆದವರು 70 ಪಡೆದವರಿಗಿಂತ ಎರಡು ಪಟ್ಟು ಬುದ್ಧಿವಂತರು ಎನ್ನಲು ಬರುವುದಿಲ್ಲ. ನಿಜವಾದ ಸೊನ್ನೆಯಿರುವ ಅನುಪಾತಸೂಚಕ ಅಳತೆಗಳಾದ ತೂಕ, ಎತ್ತರ, ವಯಸ್ಸು, ಆದಾಯಗಳಿಗೆ ಈ ತೊಡಕಿಲ್ಲ.

ಆದರೆ ಅನುಪಾತಸೂಚಕವಾಗಿ ಅಳೆಯಬಹುದಾದುದನ್ನು ನಾವೇ ಕೈಯಾರೆ ಕೆಳಮಟ್ಟಕ್ಕೆ ಇಳಿಸುತ್ತೇವೆ. ದೇಹದ ತೂಕವನ್ನು ಎತ್ತರದೊಂದಿಗೆ ಹೋಲಿಸುವ ಬಿಎಂಐ ಸೂಚ್ಯಂಕದಲ್ಲಿ 25ನ್ನು ಅಧಿಕ ತೂಕದ, 30ನ್ನು ಬೊಜ್ಜಿನ ಗಡಿ ಎಂದು ಇಟ್ಟುಕೊಂಡಾಗ 24.9 ಇರುವವರೂ 25.1 ಇರುವವರೂ ಬೇರೆ ಬೇರೆ ವರ್ಗಕ್ಕೆ ಸೇರುತ್ತಾರೆ, 25.1 ಇರುವವರು ಮತ್ತು 29.9 ಇರುವವರು ಒಂದೇ ವರ್ಗದಲ್ಲಿ ಉಳಿಯುತ್ತಾರೆ. ಚಿಕಿತ್ಸೆಯ ನಿರ್ಧಾರಕ್ಕೆ ಗಡಿಗಳು ಅನುಕೂಲವಾಗಬಹುದು, ವಿಶ್ಲೇಷಣೆಗೆ ಅವು ನಷ್ಟ. ಬ್ರಿಟನ್ನಿನ ವೈದ್ಯರ ಧೂಮಪಾನದ ಅಭ್ಯಾಸವನ್ನು ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ 1951ರಲ್ಲಿ ಕೇಳಿ ದಾಖಲಿಸಿಕೊಂಡಾಗ ‘ಸೇದುತ್ತೀರಾ, ಇಲ್ಲವಾ’ ಎಂಬಲ್ಲಿಗೆ ನಿಲ್ಲಿಸದೆ, ಎಷ್ಟು ಸೇದುತ್ತೀರಿ ಎಂದೂ ಕೇಳಿದರು. ಸೇದುವ ಪ್ರಮಾಣ ಏರಿದಂತೆ ಶ್ವಾಸಕೋಶದ ಕ್ಯಾನ್ಸರಿನಿಂದಾಗುವ ಸಾವಿನ ದರವೂ ಏರುತ್ತದೆ ಎಂಬುದನ್ನು 1954ರಲ್ಲಿ ತೋರಿಸಲು ಅವರಿಗೆ ಸಾಧ್ಯವಾದದ್ದು ಆ ಎರಡನೆಯ ಪ್ರಶ್ನೆಯಿಂದ. ಒಳ್ಳೆಯ ಅಳತೆಗೆ ಎಷ್ಟು ಶಕ್ತಿಯಿದೆ ಎಂಬುದಕ್ಕೆ ನನಗೆ ಇದಕ್ಕಿಂತ ಉತ್ತಮ ಸಾಕ್ಷ್ಯ ತಿಳಿದಿಲ್ಲ.

ತೂಕ, ಎತ್ತರಗಳನ್ನು ಅಳೆಯುವ ಸಾಧನ ಕಣ್ಣೆದುರಿಗಿದೆ. ಮಾನಸಿಕ ಒತ್ತಡ, ಬಡತನ, ನಂಬಿಕೆ, ನೆಮ್ಮದಿ ಇವುಗಳನ್ನು ಹಾಗೆ ತಕ್ಕಡಿಗೆ ಹಾಕಲಾಗದು. ಸಂಶೋಧಕರು ಮೊದಲು ಅವುಗಳಿಗೆ ಒಂದು ಕಾರ್ಯರೂಪದ ವ್ಯಾಖ್ಯೆ ಕೊಡಬೇಕು: ಯಾವ ಪ್ರಶ್ನೆಗೆ ಯಾವ ಉತ್ತರ ಬಂದರೆ ಒತ್ತಡವೆಂದು ಎಣಿಸುತ್ತೇವೆ ಎಂದು. ಈ ವ್ಯಾಖ್ಯೆ ಬದಲಾದರೆ ಒತ್ತಡದಲ್ಲಿರುವವರ ಸಂಖ್ಯೆಯೂ ಬದಲಾಗುತ್ತದೆ, ಜನ ಅವರೇ ಆಗಿದ್ದರೂ. ಆಮೇಲೆ ಬರುವುದು ಎರಡು ಪರೀಕ್ಷೆಗಳು. ಮತ್ತೆ ಮತ್ತೆ ಅಳೆದರೂ ಹೊಂದಿಕೆಯಾಗುವ ಉತ್ತರ ಬರುತ್ತದೆಯೇ ಎಂಬುದು ವಿಶ್ವಸನೀಯತೆ. ಅಳೆಯುತ್ತೇವೆಂದು ಹೇಳಿದ್ದನ್ನೇ ಅಳೆಯುತ್ತಿದ್ದೇವೆಯೇ ಎಂಬುದು ಸಿಂಧುತ್ವ. ಪ್ರತಿದಿನವೂ ಹತ್ತು ನಿಮಿಷ ಮುಂದಿರುವ ಗಡಿಯಾರ ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ಸೋಲುತ್ತದೆ. ಲೀ ಕ್ರಾನ್‌ಬಾಕ್ 1951ರಲ್ಲಿ ವಿವರಿಸಿದ ಆಲ್ಫಾ ಗುಣಾಂಕ ಹೆಚ್ಚಿದೆ ಎಂಬ ಕಾರಣಕ್ಕೆ ಪ್ರಶ್ನಾವಳಿ ಸರಿಯಾಗಿದೆಯೆಂದು ಬರೆಯುವ ಪ್ರಬಂಧಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಪ್ರಶ್ನೆಗಳು ಪರಸ್ಪರ ಹೊಂದಿಕೊಂಡಿವೆ ಎಂದಷ್ಟೇ ಆ ಗುಣಾಂಕ ಸೂಚಿಸುತ್ತದೆ.

ಇನ್ನು ಚಲಕಗಳ ವಿಷಯ. ವ್ಯಕ್ತಿಯಿಂದ ವ್ಯಕ್ತಿಗೆ, ಸಮಯದಿಂದ ಸಮಯಕ್ಕೆ ಬದಲಾಗುವ ಗುಣವೇ ಚಲಕ. ಪ್ರಭಾವ ಬೀರುತ್ತದೆಂದು ಊಹಿಸಿರುವುದು ಸ್ವತಂತ್ರ ಚಲಕ, ಪ್ರಭಾವಕ್ಕೆ ಒಳಗಾಗುವುದು ಅವಲಂಬಿತ ಚಲಕ. ವರದಿಗಾರರು ಮರೆಯುವುದು ಇವೆರಡನ್ನೂ ಹಿಂದಿನಿಂದ ಎಳೆಯುವ ಮೂರನೆಯ ಚಲಕವನ್ನು. ಪ್ರಾಥಮಿಕ ಶಾಲೆಯ ಮಕ್ಕಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡರೆ ದೊಡ್ಡ ಪಾದದ ಮಕ್ಕಳು ಚೆನ್ನಾಗಿ ಓದುತ್ತಾರೆ. ಪಾದ ಬೆಳೆದದ್ದಕ್ಕೂ ಓದು ಸುಧಾರಿಸಿದ್ದಕ್ಕೂ ಹಿಂದೆ ಇರುವುದು ವಯಸ್ಸು. ಒಂದೇ ವಯಸ್ಸಿನವರನ್ನು ಹೋಲಿಸಿದರೆ ಈ ನಂಟು ಬಹುಮಟ್ಟಿಗೆ ಕರಗಿಹೋಗುತ್ತದೆ. ಯಾರಿಗೆ ಯಾವ ಗುಂಪು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ ಪ್ರಯೋಗಗಳಲ್ಲಿ ಇಂಥ ಮೂರನೆಯವು ಎರಡೂ ಗುಂಪುಗಳಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ. ಕೇವಲ ಗಮನಿಸಿ ದಾಖಲಿಸಿದ ಅಧ್ಯಯನದಲ್ಲಿ ಆ ರಕ್ಷಣೆಯಿಲ್ಲ. ಅಂಥ ಅಧ್ಯಯನದ ವರದಿಗೆ ‘ಇದು ಅದನ್ನು ತಡೆಯುತ್ತದೆ’ ಎಂಬ ಶೀರ್ಷಿಕೆ ಬಂದಾಗ ಸಂಶೋಧಕರು ಆಡದ ಮಾತನ್ನು ಪತ್ರಿಕೆಯೇ ಆಡಿದಂತಾಗುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಸಂಶೋಧನೆಯ ಸುದ್ದಿ ಪ್ರಕಟಿಸುವಾಗ ಅದರ ಕೊನೆಯಲ್ಲಿ ನಾಲ್ಕೈದು ಸಾಲಿನ ಒಂದು ಚೌಕಟ್ಟು ಮೀಸಲಿಡಿ. ಏನನ್ನು ಅಳೆದರು, ಯಾವ ಉಪಕರಣದಿಂದ ಅಥವಾ ಯಾವ ಪ್ರಶ್ನೆಯಿಂದ ಅಳೆದರು, ಎಷ್ಟು ಜನರನ್ನು ಯಾವ ರೀತಿಯಲ್ಲಿ ಆರಿಸಿಕೊಂಡರು, ಅದು ಪ್ರಯೋಗವೋ ಬರೀ ಅವಲೋಕನವೋ ಎಂಬುದು ಅದರಲ್ಲಿರಲಿ. ಸಮೀಕ್ಷೆಯಾಗಿದ್ದರೆ ಕೇಳಿದ ಪ್ರಶ್ನೆಯನ್ನು ಅದೇ ಪದಗಳಲ್ಲಿ ಕೊಡಿ. ಈ ವಿವರಗಳು ಮೂಲ ಪ್ರಬಂಧದಲ್ಲಿ ‘ವಿಧಾನ’ ಎಂಬ ಭಾಗದಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತವೆ. ಪತ್ರಿಕಾ ಪ್ರಕಟಣೆಯನ್ನು ಮಾತ್ರ ಓದಿದವರಿಗೆ ಅವು ಸಿಗುವುದಿಲ್ಲ. ಕೇಳಿದರೂ ವಿವರ ಕೊಡಲೊಪ್ಪದ ಸಂಸ್ಥೆಯ ಸಮೀಕ್ಷೆಯನ್ನು ಪ್ರಕಟಿಸಲೇಬೇಕಾದ ಸಂದರ್ಭ ಬಂದರೆ, ‘ಅಳತೆಯ ವಿವರ ಲಭ್ಯವಿಲ್ಲ’ ಎಂದು ಅದೇ ಚೌಕಟ್ಟಿನಲ್ಲಿ ಮುದ್ರಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸದ,
ಸಂಶೋಧನಾ ವಿಧಾನದ ಅಧ್ಯಾಪಕರೊಬ್ಬರು