ನಮ್ಮ ಅಂಗಡಿಯ ಕರಿ ಪರದೆ ಬಗ್ಗೆ ನಿಮಗೊಂದು ಪತ್ರ

ಗ್ರಾಹಕರೆಲ್ಲರಿಗೂ ನಮಸ್ಕಾರ.

ಹೋದ ವಾರ ಮಗನ ಅರ್ಜಿ ತುಂಬಿಸಲು ಬಂದಿದ್ದ ಕಾಕಾ ಒಬ್ಬರು ಕೌಂಟರಿನ ಮೇಲೆ ಬಗ್ಗಿ ನಮ್ಮ ಹುಡುಗನ ಕಂಪ್ಯೂಟರ್ ನೋಡಿದರು. ಕರಿ ಪರದೆ, ಬಿಳಿ ಅಕ್ಷರ. ಒಂದು ಚಿತ್ರವೂ ಇಲ್ಲ. "ಏನೋ ತಮ್ಮಾ, ಏನ್ ಬರ್ಯಾಕತ್ತಿ ಇದು? ನನ್ನ ಖಾತೇದಾಗ ರೊಕ್ಕ ಉಳೀತಾವೋ ಇಲ್ಲೋ?" ಅಂತ ಕೇಳಿದರು. ಹುಡುಗ ಅವರ ಮಗನ ಫೋಟೊ ಸಣ್ಣದು ಮಾಡುತ್ತಿದ್ದ, ಅಷ್ಟೇ. ಆದರೆ ಕಾಕಾ ಕೇಳಿದ್ದರಲ್ಲಿ ತಪ್ಪಿಲ್ಲ. ಬದಲಾಯಿಸಿದ್ದು ನಾವು, ಹೇಳಬೇಕಾದವರೂ ನಾವೇ. ತಡವಾಗಿ ಹೇಳುತ್ತಿದ್ದೇವೆ.

ವಿಷಯ ಇಷ್ಟು. ಬಾಗಲಕೋಟೆ ನವನಗರದ ನಮ್ಮ ಅಂಗಡಿಯ ಐದು ಕಂಪ್ಯೂಟರ್‌ಗಳಲ್ಲಿ ನಾಲ್ಕು ಈಗ ವಿಂಡೋಸ್ ಬಿಟ್ಟು ಲಿನಕ್ಸ್ ಮಿಂಟ್ ಅನ್ನುವ ಬೇರೆ ಆಪರೇಟಿಂಗ್ ಸಿಸ್ಟಮ್ ಮೇಲೆ ನಡೆಯುತ್ತಿವೆ. ಝೆರಾಕ್ಸ್, ಪ್ರಿಂಟ್, ಸ್ಕ್ಯಾನ್, ಟೈಪಿಂಗ್, ಯಾವುದರ ದರವೂ ಬದಲಾಗಿಲ್ಲ. ಆದರೆ ಇನ್ನೂ ಕೆಲವು ವಾರ ನಮ್ಮ ಕೈ ಸ್ವಲ್ಪ ನಿಧಾನ ಇರುತ್ತದೆ. ನಾವೂ ಕಲಿಯುತ್ತಿದ್ದೇವೆ, ಅದಕ್ಕೆ.

ಯಾಕೆ ಬದಲಾಯಿಸಿದಿರಿ ಅಂತ ದಿನಾ ಒಬ್ಬರಾದರೂ ಕೇಳುತ್ತಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ, ಅಂದರೆ ಭದ್ರತೆಗೆ ಬರುವ ಅಪ್‌ಡೇಟ್, ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಹೊಸ ಪೀಳಿಗೆಯ ಪ್ರೊಸೆಸರ್ ಬೇಕು. ನಮ್ಮವು 4ನೇ ಪೀಳಿಗೆಯ ಐ3, ಒಳಗೆ 4 ಜಿಬಿ ರ‍್ಯಾಮ್. ಗಟ್ಟಿಮುಟ್ಟಾಗಿ ಓಡುವ ಯಂತ್ರಗಳನ್ನು ಗುಜರಿಗೆ ಹಾಕಿ ನಾಲ್ಕು ಹೊಸದು ತರುವ ತಾಕತ್ತು ನಮಗಿಲ್ಲ. ಹಾಗೇ ನಡೆಸಿಕೊಂಡು ಹೋಗೋಣ ಅಂದರೆ, ನಿಮ್ಮ ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ಇದೇ ಯಂತ್ರಗಳ ಮೇಲೆ ಹಾದು ಹೋಗುತ್ತವೆ. ಮಿಂಟ್‌ನ ಹಗುರ ಆವೃತ್ತಿಗೆ 2 ಜಿಬಿ ರ‍್ಯಾಮ್ ಇದ್ದರೂ ನಡೆಯುತ್ತದೆ. ನಾವು ಹಾಕಿರುವ ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಲೈಸೆನ್ಸಿಗೆ ರೊಕ್ಕ ಕೊಡಬೇಕಿಲ್ಲ. ನಮ್ಮ ಹಳೇ ಸಾಫ್ಟ್‌ವೇರ್‌ಗಳಲ್ಲಿ ಕೆಲವು ಎಲ್ಲಿಂದ ಬಂದಿದ್ದವು ಅಂತ ಮಾತ್ರ ಕೇಳಬೇಡಿ.

ಲಿನಕ್ಸ್ ಅಂದರೆ ಏನೋ ಹೊಸ ಕಂಪನಿ ಅಂತ ಕೆಲವರು ತಿಳಿದಿದ್ದಾರೆ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲೀನಸ್ ಟೊರ್ವಾಲ್ಡ್ಸ್ ಎಂಬ ಕಾಲೇಜು ಹುಡುಗ ಹವ್ಯಾಸಕ್ಕೆ ಅಂತ ಬರೆಯಲು ಶುರು ಮಾಡಿದ್ದು ಅದು. ಅದರ ಕೋಡ್ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ನಿಮ್ಮ ಜೇಬಿನಲ್ಲಿ ಆಂಡ್ರಾಯ್ಡ್ ಫೋನ್ ಇದ್ದರೆ ಅದರ ಒಳಗಿನ ತಿರುಳು (ಕರ್ನಲ್) ಕೂಡ ಲಿನಕ್ಸೇ. ಅಂದರೆ ನೀವು ನಮಗಿಂತ ಮೊದಲೇ ಬದಲಾಯಿಸಿದ್ದೀರಿ.

ಬರೀ ಮೌಸ್ ಹಿಡಿದು ನಡೆಸುವುದಾಗಿದ್ದರೆ ನಮಗೆ ನಾಲ್ಕು ದಿನ ಸಾಕಿತ್ತು. ಮಿಂಟ್ ನೋಡಲು ಹಳೇ ವಿಂಡೋಸ್‌ನ ಹಾಗೇ ಇದೆ. ಕೆಳಗೆ ಪಟ್ಟಿ, ಮೂಲೆಯಲ್ಲಿ ಮೆನು. ನಮ್ಮನ್ನು ಕರಿ ಪರದೆಗೆ ಎಳೆದದ್ದು ಪ್ರಿಂಟರ್. ನಮ್ಮ ಹಳೇ ಲೇಸರ್ ಪ್ರಿಂಟರ್ ಪಟ್ಟಿಯಲ್ಲಿ ಕಾಣುತ್ತಿತ್ತು, ಪ್ರಿಂಟ್ ಕೊಟ್ಟರೆ ಆಯಿತು ಅನ್ನುತ್ತಿತ್ತು, ಹಾಳೆ ಮಾತ್ರ ಬರುತ್ತಿರಲಿಲ್ಲ. ಅಂಥ ಪ್ರಿಂಟರ್‌ಗೆ ಸ್ವಂತ ನೆನಪಿಲ್ಲವಂತೆ. ಪ್ರತಿ ಸಲ ಚಾಲೂ ಮಾಡಿದಾಗ ಅದನ್ನು ನಡೆಸುವ ಫರ್ಮ್‌ವೇರ್‌ಅನ್ನು ಕಂಪ್ಯೂಟರೇ ಕಳಿಸಿಕೊಡಬೇಕು. ಇದು ಗೊತ್ತಾಗಲು ಮೂರು ದಿನ ಹಿಡಿಯಿತು. ಗೊತ್ತಾದ ಮೇಲೆ ಟರ್ಮಿನಲ್‌ನಲ್ಲಿ, ಅಂದರೆ ಆ ಕರಿ ಪರದೆಯಲ್ಲಿ, ಒಂದು ಸಾಲು ಸಾಕಾಯಿತು. ಆ ಮೂರು ದಿನ ಹಾಲ್ ಟಿಕೆಟ್‌ಗೆ ಬಂದ ಮಕ್ಕಳನ್ನು ಬಾಜೂ ಅಂಗಡಿಗೆ ಕಳಿಸಿದೆವು. ಅವರೆಲ್ಲರ ಕ್ಷಮೆ ಕೇಳುತ್ತೇವೆ.

ಒಂದು ಸಾಲಿಗೆ ಇಷ್ಟು ಬಲ ಇದೆ ಅಂದರೆ ಇದನ್ನು ಕಲಿಯಲೇಬೇಕು ಅಂತ ಅವತ್ತೇ ನಿಶ್ಚಯ ಮಾಡಿದೆವು. ಅಂಗಡಿಯಲ್ಲಿ ಇರುವುದು ಮೂವರು. ನಾನು, ನನ್ನ ತಂಗಿ, ಕೌಂಟರಿನ ಹುಡುಗ. ದಿನಕ್ಕೆ ಒಂದೇ ಕಮಾಂಡ್ (ಯಂತ್ರಕ್ಕೆ ಬರೆದು ಕೊಡುವ ಆಜ್ಞೆ), ಬಾಗಿಲು ಹಾಕುವ ಮೊದಲು ಅರ್ಧ ತಾಸು. ಏನು ಟೈಪ್ ಮಾಡಿದೆವು, ಅದು ಏನು ಹೇಳಿತು, ಎಲ್ಲಿ ತಪ್ಪಿತು ಅಂತ ಕನ್ನಡದಲ್ಲೇ ಬರೆದಿಟ್ಟೆವು. ಬರೆದದ್ದು ಉದ್ರಿ ವಹಿಯ ಹಿಂದಿನ ಹಾಳೆಗಳಲ್ಲಿ. (ಉದ್ರಿ ಇಟ್ಟವರು ಖುಷಿ ಪಡಬೇಡಿ. ಮುಂದಿನ ಹಾಳೆಗಳು ಹಾಗೇ ಇವೆ.)

ಮೊದಲ ದಿನದ ಕಮಾಂಡ್ ಪಿಡಬ್ಲ್ಯೂಡಿ. ನಮಗೆ ಪಿಡಬ್ಲ್ಯೂಡಿ ಅಂದರೆ ರಸ್ತೆ ಮಾಡುವ ಇಲಾಖೆ. ಇಲ್ಲಿ ಅದು "ನಾನೀಗ ಎಲ್ಲಿದ್ದೇನೆ?" ಅಂತ ಕೇಳುವ ಪ್ರಶ್ನೆ. ಉತ್ತರವಾಗಿ ಒಂದು ವಿಳಾಸ ಬರುತ್ತದೆ. ಲಿನಕ್ಸ್‌ನಲ್ಲಿ ಸಿ ಡ್ರೈವ್, ಡಿ ಡ್ರೈವ್ ಇಲ್ಲ. ಒಂದೇ ಓರೆಗೆರೆಯಿಂದ (/) ಎಲ್ಲ ಶುರು. ಅದರೊಳಗೆ ಹೋಮ್, ಹೋಮ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್, ಅದರೊಳಗೆ ನಿಮ್ಮ ಫೈಲ್. ಬೇರೆ ಊರಿನವರಿಗೆ ಇದು ತ್ರಾಸು ಅನಿಸಬಹುದು. ಆಲಮಟ್ಟಿ ಅಣೆಕಟ್ಟಿನ ಮುಳುಗಡೆಯಲ್ಲಿ ಹಳೇ ಬಾಗಲಕೋಟೆ ಬಿಟ್ಟು ನವನಗರಕ್ಕೆ ಬಂದ ನಮಗೆ ಇದು ಗೊತ್ತಿರುವ ಲೆಕ್ಕವೇ. ಅಲ್ಲಿ "ಆ ಗುಡಿ ಹಿಂದಿನ ಮನಿ" ಅಂದರೆ ಸಾಕಿತ್ತು. ಇಲ್ಲಿಗೆ ಬಂದ ಮೇಲೆ ಸೆಕ್ಟರ್ ನಂಬರ್ ಎಷ್ಟು, ಪ್ಲಾಟ್ ನಂಬರ್ ಎಷ್ಟು ಅಂತ ಹೇಳಲು ಕಲಿತೆವಲ್ಲ, ಹಾಗೇ. ಊರಿಂದ ಹಿಡಿದು ಪ್ಲಾಟ್ ತನಕ ಪೂರ್ತಿ ವಿಳಾಸ ಕೊಟ್ಟರೆ ಎಲ್ಲಿ ನಿಂತು ಕರೆದರೂ ಫೈಲ್ ಸಿಗುತ್ತದೆ. ಅದೇ ಸೆಕ್ಟರಿನಲ್ಲಿ ನಿಂತಿದ್ದರೆ ಪ್ಲಾಟ್ ನಂಬರ್ ಅಷ್ಟೇ ಸಾಕು. "ನೋ ಸಚ್ ಫೈಲ್" ಅಂತ ಬೈದರೆ ಬಹಳ ಸಲ ಫೈಲ್ ಕಳೆದಿರುವುದಿಲ್ಲ, ನಾವು ಬೇರೆ ಸೆಕ್ಟರಿನಲ್ಲಿ ನಿಂತಿರುತ್ತೇವೆ.

ಸುಡೋ ಕಮಾಂಡ್ ದಿನ ದೊಡ್ಡ ತಮಾಷೆ ಆಯಿತು. "ಏನ್ ಸುಡೂದ್ರೀ?" ಅಂತ ಹುಡುಗ ಕೇಳಿದ. ಏನೂ ಸುಡುವುದಿಲ್ಲ, ಒಂದು ಕೆಲಸಕ್ಕೆ ಮಾತ್ರ ಯಜಮಾನನ ಅಧಿಕಾರ ಕೊಡುತ್ತದೆ. ಹೊಸ ಸಾಫ್ಟ್‌ವೇರ್ ಹಾಕುವಾಗ ಬೇಕು. ಅದು ಪಾಸ್‌ವರ್ಡ್ ಕೇಳಿತು. ಸರಿ ಇದ್ದರೆ ಮಾತಿಲ್ಲದೆ ಮುಂದೆ ಹೋಯಿತು, ತಪ್ಪಿದ್ದರೆ ಬೈಯಿತು. ಈ ಯಂತ್ರದ ಸ್ವಭಾವವೇ ಹಾಗಿದೆ. ಕೆಲಸ ಸರಿಯಾಗಿ ಆದರೆ ಸುಮ್ನಿರುತ್ತದೆ, ತಪ್ಪಾದರೆ ಮಾತ್ರ ಬಾಯಿ ಬಿಡುತ್ತದೆ. ಥೇಟ್ ನಮ್ಮ ಅಪ್ಪ.

ಮೂವರಲ್ಲಿ ಬೇಗ ಕಲಿತವಳು ತಂಗಿ. ಅವಳು ವರ್ಷಗಟ್ಟಲೆ ನುಡಿ ಅನ್ನುವ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದವಳು, ಬೆರಳಿಗೆ ಕೀಲಿಗಳು ಗೊತ್ತು. ನಾನು ಮೌಸ್ ಹಿಡಿದೇ ಮುದುಕನಾದವನು, ನನಗೆ ಜಾಸ್ತಿ ತ್ರಾಸಾಯಿತು. ನನ್ನನ್ನು ಕಾಪಾಡಿದ್ದು ಟ್ಯಾಬ್ ಕೀಲಿ. ಹೆಸರಿನ ಮೊದಲ ಎರಡು ಮೂರು ಅಕ್ಷರ ಬರೆದು ಟ್ಯಾಬ್ ಒತ್ತಿದರೆ ಉಳಿದದ್ದನ್ನು ಅದೇ ತುಂಬುತ್ತದೆ. ಮೇಲಿನ ಬಾಣ ಒತ್ತಿದರೆ ಹಿಂದೆ ಬರೆದ ಸಾಲು ಮತ್ತೆ ಬರುತ್ತದೆ. ಇವೆರಡನ್ನು ಯಾರಾದರೂ ಮೊದಲ ದಿನವೇ ಹೇಳಿದ್ದರೆ ಎಷ್ಟು ಚಲೋ ಇತ್ತು, ಅಲ್ವಾ? ಇನ್ನೊಂದು, ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರ ಇಲ್ಲಿ ಬೇರೆ ಬೇರೆ. ಕನ್ನಡದಲ್ಲಿ ಆ ರಗಳೆಯೇ ಇಲ್ಲ, ಹಾಗಾಗಿ ನಾವು ಅತ್ತ ಗಮನವೇ ಕೊಟ್ಟವರಲ್ಲ. ಮೊದಲ ವಾರದ ನಮ್ಮ ತಪ್ಪುಗಳಲ್ಲಿ ಅರ್ಧ ಇದೇ.

ಈಗ ದೊಡ್ಡ ತಪ್ಪಿನ ಮಾತು. ಒಂದು ಸಂಜೆ ಒಂದು ಸಂಘದ ದಾಖಲೆ ಸ್ಕ್ಯಾನ್ ಮಾಡಿಟ್ಟಿದ್ದೆ, 63 ಪುಟ. ಅದೇ ಫೋಲ್ಡರಿನಲ್ಲಿ ಬೇಡದ ಟಿಎಂಪಿ (ತಾತ್ಕಾಲಿಕ) ಫೈಲ್‌ಗಳು ಒಂದಷ್ಟು ಇದ್ದವು. ಅವನ್ನು ಅಳಿಸಲು ಆರ್‌ಎಂ ಬರೆದು, ನಕ್ಷತ್ರ ಹಾಕಿ, ಚುಕ್ಕಿ ಹಾಕಿ, ಟಿಎಂಪಿ ಅಂತ ಬರೆದೆ. ನಕ್ಷತ್ರಕ್ಕೂ ಚುಕ್ಕಿಗೂ ನಡುವೆ ಒಂದು ಖಾಲಿ ಜಾಗ ಬಿದ್ದಿತ್ತು. ನಕ್ಷತ್ರ ಅಂದರೆ "ಎಲ್ಲ". ಖಾಲಿ ಜಾಗ ಬಂದರೆ ಅದು ಬೇರೆ ಮಾತು, ಇದು ಬೇರೆ ಮಾತು. ಯಂತ್ರ ಮೊದಲು ಎಲ್ಲ ಅಳಿಸಿತು. ಆಮೇಲೆ ಟಿಎಂಪಿ ಅನ್ನುವ ಫೈಲ್ ಇಲ್ಲವಲ್ಲ ಅಂತ ನನ್ನನ್ನೇ ಕೇಳಿತು. ಆರ್‌ಎಂನಿಂದ ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ. ಪುಣ್ಯಕ್ಕೆ ಕಾಗದಗಳು ಇನ್ನೂ ಅಂಗಡಿಯಲ್ಲೇ ಇದ್ದವು. ರಾತ್ರಿ ಹತ್ತೂವರೆ ತನಕ ಕೂತು ಮತ್ತೆ ಸ್ಕ್ಯಾನ್ ಮಾಡಿದೆ. ಈಗ ನಮ್ಮ ವಹಿಯಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿದೆ: ಮೊದಲು ಎಲ್‌ಎಸ್, ಆಮೇಲೆ ಆರ್‌ಎಂ. ಎಲ್‌ಎಸ್ ಬರೀ ಪಟ್ಟಿ ತೋರಿಸುತ್ತದೆ. ಅಳಿಸಬೇಕಾದದ್ದಷ್ಟೇ ಪಟ್ಟಿಯಲ್ಲಿದೆ ಅಂತ ಕಣ್ಣಾರೆ ನೋಡಿ, ಆಮೇಲೆ ಬಾಣ ಒತ್ತಿ ಎಲ್‌ಎಸ್ ಇದ್ದ ಕಡೆ ಆರ್‌ಎಂ ಮಾಡುವುದು.

ಆ ರಾತ್ರಿಯೇ ಇನ್ನೊಂದು ನೆದರಿಗೆ ಬಿತ್ತು. ನಿಮ್ಮ ಆಧಾರ್ ಪ್ರತಿ, ಜಾತಿ ಪ್ರಮಾಣಪತ್ರ, ಮಕ್ಕಳ ಅಂಕಪಟ್ಟಿ, ಎಲ್ಲ ನಮ್ಮ ಹಳೇ ಡಿಸ್ಕ್‌ಗಳಲ್ಲಿ ವರ್ಷಗಳಿಂದ ಹಾಗೇ ಬಿದ್ದಿದ್ದವು. ಇದು ಸರಿಯಲ್ಲ. ಆದ್ದರಿಂದ ನಿಮಗೆ ತಾಗುವ ಮುಖ್ಯ ಬದಲಾವಣೆ ಇದು: ಇನ್ನು ಮುಂದೆ ಗ್ರಾಹಕರ ಫೈಲ್‌ಗಳು ನಮ್ಮಲ್ಲಿ ಒಂದು ವಾರ ಮಾತ್ರ ಇರುತ್ತವೆ. ರಾತ್ರಿ 9ಕ್ಕೆ ಕ್ರಾನ್ ಅನ್ನುವ ಕೆಲಸಗಾರ (ಮನುಷ್ಯನಲ್ಲ, ಹೇಳಿದ ಹೊತ್ತಿಗೆ ಕೆಲಸ ಮಾಡುವ ಪ್ರೋಗ್ರಾಂ) ಎದ್ದು ಹಳೆಯದನ್ನು ತಾನೇ ಅಳಿಸುತ್ತಾನೆ. ಅದಕ್ಕೆ ಫೈಲ್ ಹುಡುಕುವ ಫೈಂಡ್ ಕಮಾಂಡ್ ಬರೆದವಳು ತಂಗಿ. ಅಳಿಸು ಅನ್ನುವ ಮಾತು ಸೇರಿಸದೆ ಮೂರು ರಾತ್ರಿ ಬರೀ ಪಟ್ಟಿ ತೆಗೆದು ನೋಡಿದಳು. ಅದೇ ಒಳ್ಳೆಯದಾಯಿತು. ಅವತ್ತೇ ಪೆನ್‌ಡ್ರೈವ್‌ನಿಂದ ಹಾಕಿಕೊಂಡ ಒಂದು ಫೈಲ್ ಪಟ್ಟಿಯಲ್ಲಿ ಬಂದಿತ್ತು! ಎಂಟೈಮ್ ಅಂತ ಕೊಟ್ಟರೆ ಫೈಲ್ ಕೊನೆಯ ಸಲ ಬದಲಾದ ದಿನ ಹಿಡಿಯುತ್ತದೆ, ಆ ಪೆನ್‌ಡ್ರೈವ್ ಫೈಲ್ ಎರಡು ವರ್ಷ ಹಳೆಯದು. ಸಿಟೈಮ್ ಅಂತ ಬದಲಿಸಿದ ಮೇಲೆ ನಮ್ಮ ಡಿಸ್ಕ್‌ಗೆ ಬಂದ ದಿನದಿಂದ ಲೆಕ್ಕ ಸರಿಹೋಯಿತು. ಪ್ಲಸ್ 7 ಅಂತ ಕೊಟ್ಟರೆ ಪೂರ್ತಿ 8 ದಿನ ತುಂಬಿದ ಮೇಲೆಯೇ ಅಳಿಸುತ್ತದೆ. ಒಂದು ದಿನ ಜಾಸ್ತಿ ಇರಲಿ ಅಂತ ಬಿಟ್ಟೆವು. "ಹೋದ ವರ್ಷ ಮಾಡಿಸಿದ್ದೆ, ನಿಮ್ಮಲ್ಲಿ ಇರಬೇಕು ನೋಡ್ರಿ" ಅಂತ ಬರುವವರು ದಯವಿಟ್ಟು ಈಗಲೇ ನಿಮ್ಮ ಫೋನಿಗೋ ಪೆನ್‌ಡ್ರೈವಿಗೋ ಹಾಕಿಸಿಕೊಳ್ಳಿ. ಹಳೇ ಡಿಸ್ಕ್ ಈ ತಿಂಗಳ ಕೊನೆಯವರೆಗೆ ಇಟ್ಟಿರುತ್ತೇವೆ, ಆಮೇಲೆ ಅದೂ ಖಾಲಿ.

ನುಡಿಯಲ್ಲಿ ಮಾಡಿದ ಹಳೇ ಕಡತ ತರುವವರಿಗೆ ಒಂದು ಮಾತು. ನುಡಿ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನದ ಹಾಗೆ ಕಾಣುತ್ತವೆ. ಫೈಲ್ ಕೆಟ್ಟಿಲ್ಲ, ಹೆದರಬೇಡಿ. ಎಲ್ಲ ಯಂತ್ರಗಳಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸಿ ಕೊಡುತ್ತೇವೆ, ಆದರೆ ಒತ್ತಕ್ಷರ, ಅರ್ಕಾವತ್ತು ಒಂದೊಂದು ಕಡೆ ಜಾರುತ್ತವೆ. ಪ್ರಿಂಟ್‌ಗೆ ಮೊದಲು ಒಮ್ಮೆ ಓದಿ ನೋಡಿ. ಟೈಪಿಂಗ್ ಮಾತ್ರ ಮೊದಲಿನಂತೆಯೇ, ಕೆ.ಪಿ. ರಾವ್ ಕೀಲಿಮಣೆ ಲಿನಕ್ಸ್‌ನಲ್ಲೂ ಇದೆ. ವರ್ಡ್ ಫೈಲ್‌ಗಳು ಲಿಬ್ರೆ ಆಫೀಸ್‌ನಲ್ಲಿ ತೆರೆಯುತ್ತವೆ, ಸಾಲು ಸ್ವಲ್ಪ ಆಚೀಚೆ ಆಗಬಹುದು. ಬಯೋಡೇಟಾ ತರುವವರು ಪಿಡಿಎಫ್ ಮಾಡಿ ತಂದರೆ ಇಬ್ಬರಿಗೂ ಆರಾಮ.

ಎಲ್ಲ ಲಿನಕ್ಸ್‌ನಲ್ಲೇ ಆಗುತ್ತದೆ ಅಂತ ಸುಳ್ಳು ಹೇಳುವುದಿಲ್ಲ. ಮದುವೆ ಕಾರ್ಡ್, ಬ್ಯಾನರ್‌ಗೆ ನಮಗೆ ಕೋರೆಲ್‌ಡ್ರಾ ಬೇಕು. ಬೆರಳಚ್ಚು ಯಂತ್ರಕ್ಕೂ, ಲೆಕ್ಕಪತ್ರದ ಟ್ಯಾಲಿಗೂ ವಿಂಡೋಸ್ ಬೇಕು. ಅದಕ್ಕೇ ಐದನೆಯದನ್ನು, ಹೊಸದಾದ ಒಂದನ್ನು, ಹಾಗೇ ಉಳಿಸಿದ್ದೇವೆ. ಲಗ್ನಸರಾಯಿಯಲ್ಲಿ ಅದರ ಮುಂದೆ ಪಾಳಿ ಇರುತ್ತದೆ, ಫೋನ್ ಮಾಡಿ ಬನ್ನಿ.

ಇನ್ನು ಕಾಕಾ ನೋಡಿದ ಆ ಕರಿ ಪರದೆ. ಬ್ಯಾಂಕ್ ಪರೀಕ್ಷೆಯ ಅರ್ಜಿಗೆ ಫೋಟೊ 20ರಿಂದ 50 ಕೆಬಿ, ಸಹಿ 10ರಿಂದ 20 ಕೆಬಿ ಇರಬೇಕು. ಮೊದಲು ಒಂದೊಂದೇ ಫೋಟೊ ತೆರೆದು, ಕತ್ತರಿಸಿ, ಉಳಿಸಿ, ಸೈಜ್ ನೋಡಿ, ಮತ್ತೆ ಉಳಿಸುತ್ತಿದ್ದೆವು. ಈಗ ಇಮೇಜ್‌ಮ್ಯಾಜಿಕ್ ಅನ್ನುವ ಉಪಕರಣಕ್ಕೆ "50 ಕೆಬಿ ಒಳಗೆ ತಾ" ಅಂತ ಒಂದು ಸಾಲು ಬರೆದರೆ ಗುಣಮಟ್ಟವನ್ನು ತಾನೇ ಇಳಿಸಿ ಕೊಡುತ್ತದೆ. ಮೊನ್ನೆ ಒಂದು ಕಾಲೇಜಿನಿಂದ 40 ಮಕ್ಕಳ ಫೋಟೊ ಒಟ್ಟಿಗೆ ಬಂದವು. ಹುಡುಗ ಅದೇ ಸಾಲಿಗೆ ಫಾರ್ ಲೂಪ್ (ಒಂದೊಂದು ಫೋಟೊಗೂ ಅದನ್ನೇ ಮಾಡು ಅನ್ನುವ ಮಾತು) ಸುತ್ತಿ ಎಂಟರ್ ಒತ್ತಿದ. ನಾನು ಚಹಾ ಕಪ್ ಕೆಳಗಿಡುವಷ್ಟರಲ್ಲಿ ಮುಗಿದಿತ್ತು. ಮೂಲ ಫೋಟೊಗಳನ್ನು ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದ ಅನ್ನುವುದು ನನಗೆ ಇನ್ನೂ ಖುಷಿ. ನನ್ನ 63 ಪುಟ ಅವನಿಗೆ ನೆನಪಿದೆ.

ನಿಮ್ಮ ಮನೆಯಲ್ಲೂ ಹಳೇ ಲ್ಯಾಪ್‌ಟಾಪ್ ಇದ್ದರೆ ಭಾನುವಾರ ಬೆಳಿಗ್ಗೆ 10ರಿಂದ 12ರೊಳಗೆ ತನ್ನಿ. ಜೊತೆಗೆ 8 ಜಿಬಿಯ ಪೆನ್‌ಡ್ರೈವ್ ಬೇಕು. ಮಿಂಟ್ ಬರೆದರೆ ಅದರಲ್ಲಿದ್ದುದೆಲ್ಲ ಅಳಿಸುತ್ತದೆ, ಮದುವೆ ಫೋಟೊ ಇರುವುದನ್ನು ತರಬೇಡಿ. ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು, ಒಳಗಿನ ವಿಂಡೋಸ್‌ಗೆ ಕೈ ಹಚ್ಚುವುದಿಲ್ಲ. ವೈಫೈ, ಆಡಿಯೊ, ನಿಮ್ಮ ಪ್ರಿಂಟರ್ ಎಲ್ಲ ನಡೆದರೆ ಆಮೇಲೆ ಹಾಕುವ ಮಾತು. ನೋಡಲು, ಕಲಿಯಲು ಫೀ ಇಲ್ಲ. ಕುರ್ಚಿ ಆರೇ ಇವೆ, ಮೊದಲು ಬಂದವರಿಗೆ ಮೊದಲು. ಉದ್ರಿ ವಹಿಯ ಹಿಂದಿನ ಹಾಳೆಗಳನ್ನು ಝೆರಾಕ್ಸ್ ಮಾಡಿ ಇಟ್ಟಿದ್ದೇವೆ, 11 ಹಾಳೆ, ಬೇಕಾದವರು ಒಯ್ಯಬಹುದು.

ನಿಮ್ಮ ವಿಶ್ವಾಸಿ,
ಅಂಗಡಿಯ ಮೂವರು
ನವನಗರ, ಬಾಗಲಕೋಟೆ

ತಾ.ಕ: ಆ ಕಾಕಾ ಮರುದಿನ ಬಂದು ಪಾಸ್‌ಬುಕ್ ತೋರಿಸಿ ಹೋದರು. ರೊಕ್ಕ ಇದ್ದಷ್ಟೇ ಇದೆಯಂತೆ.