ಅಪ್ಪನಿಗೆ ಓದಿ ಹೇಳು

ಪ್ರೀತಿಯ ಅಮ್ಮ,

ನಮಸ್ಕಾರ. ನಾನು ಇಲ್ಲಿ ಚೆನ್ನಾಗಿದ್ದೇನೆ. ನಿನ್ನ ಪತ್ರ ಸೋಮವಾರ ಕೈಸೇರಿತು.

ಅಪ್ಪನ ಬಿಪಿ 170 ದಾಟಿದೆ, ರಾತ್ರಿಯೆಲ್ಲ ಮಗ್ಗುಲು ಬದಲಿಸುತ್ತಾರೆ ಅಂತ ಬರೆದಿದ್ದೀಯ. ಅದೂ ನನ್ನಿಂದ. ನಾನು ಲ್ಯಾಬ್ ಬಿಟ್ಟು ಯೂನಿವರ್ಸಿಟಿಯ ಇಂಧನ ಉಳಿಸುವ ಪರಿಸರ ವಿಭಾಗ ಸೇರಿದ ವಿಷಯ ದೊಡ್ಡಪ್ಪನ ಬಾಯಿಂದ ಗೊತ್ತಾಯಿತಂತೆ. "ಇಷ್ಟು ಓದಿಸಿದ್ದು ಕಿಟಕಿ ಮುಚ್ಚೋಕಾ" ಅಂದರಂತೆ ಅಪ್ಪ. ನಿನ್ನ ಪತ್ರ ಓದಿದ ಮೇಲೆ ನನಗೆ ಎರಡು ದಿನ ಊಟ ಸೇರಲಿಲ್ಲ. ನಾನೇ ಮೊದಲು ಹೇಳಬೇಕಿತ್ತು, ತಪ್ಪು ನನ್ನದೇ. ಈಗ ಹೇಳುತ್ತೇನೆ. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಧಾನವಾಗಿ ಓದು.

ಕೆಮಿಸ್ಟ್ರಿ ಲ್ಯಾಬಿನಲ್ಲಿ ಫ್ಯೂಮ್ ಹುಡ್ ಅಂತ ಇರುತ್ತದೆ. ಮುಂದೆ ಮೇಲೆ ಕೆಳಗೆ ಸರಿಯುವ ಗಾಜಿರುವ ದೊಡ್ಡ ಗೂಡು. ಆಸಿಡ್ ಹೊಗೆ ನಮ್ಮ ಮೂಗಿಗೆ ಬರದ ಹಾಗೆ ಫ್ಯಾನು ಅದನ್ನು ಎಳೆದು ಕಟ್ಟಡದ ಮೇಲಿಂದ ಹೊರಗೆ ಬಿಡುತ್ತದೆ. ಹೊಗೆಯ ಜೊತೆ ಕೋಣೆಯ ಗಾಳಿಯೂ ಹೋಗುತ್ತದೆ. ಚಳಿಗಾಲದಲ್ಲಿ ಗ್ಯಾಸ್ ಸುಟ್ಟು ಬೆಚ್ಚಗೆ ಮಾಡಿದ ಗಾಳಿ ಅದು! ಹಗಲೂ ರಾತ್ರಿ ಹೀಗೇ. ಒಂದೇ ಒಂದು ಹುಡ್ಡು ಇಲ್ಲಿ ಅಮೆರಿಕದ ಸುಮಾರು ಮೂರು ಮನೆಗಳಷ್ಟು ಇಂಧನ ತಿನ್ನುತ್ತದೆ. ನಮ್ಮ ಕಟ್ಟಡದಲ್ಲಿ ಅಂಥವು ಸಾಲಾಗಿ ನಿಂತಿವೆ.

ಸೇರಿದ ಮೊದಲ ವಾರ ರಾತ್ರಿ ಹತ್ತಕ್ಕೆ ಒಂದು ಸುತ್ತು ಹೋದೆ. ಲ್ಯಾಬಿನಲ್ಲಿ ಯಾರೂ ಇಲ್ಲ. ಒಂದು ಹುಡ್ಡಿನ ಗಾಜು ತಲೆಯ ಮಟ್ಟಕ್ಕೆ ಎತ್ತಿಟ್ಟು ಹೋಗಿದ್ದರು. ಅಂಚಿಗೆ ಅಂಟಿಸಿದ ಕಾಗದದ ಚೂರು ಪಟಪಟ ಅಂತ ಒಳಕ್ಕೆ ಬಡಿದುಕೊಳ್ಳುತ್ತಿತ್ತು. ಬಗ್ಗಿ ನೋಡಿದರೆ ಒಂದು ಖಾಲಿ ಬೀಕರ್, ಅಷ್ಟೇ. ಗಾಜು ಕೆಳಗೆ ಎಳೆದೆ. ಗಾಜು ಇಳಿದಷ್ಟೂ ಫ್ಯಾನು ತಾನೇ ನಿಧಾನವಾಗುವ ಥರದ್ದು ಅದು. ಗುಂಯ್ ಅನ್ನುತ್ತಿದ್ದ ಸದ್ದು ಇಳಿಯಿತು, ಪಕ್ಕದ ಕೋಣೆಯ ಫ್ರೀಜರ್ ಸದ್ದು ಕೇಳಿಸತೊಡಗಿತು. ಆಗ ಅಪ್ಪ ನೆನಪಾದರು. ಖಾಲಿ ರೂಮಿನಲ್ಲಿ ಲೈಟು ಉರಿಯುತ್ತಿದ್ದರೆ ಊಟದ ಮಧ್ಯೆ ಎದ್ದು ಹೋಗಿ ಆರಿಸಿ ಬರುತ್ತಿದ್ದರಲ್ಲ, ಅದೇ ಕೆಲಸ ಅಮ್ಮ. ನಾನು ಇಡೀ ಕ್ಯಾಂಪಸ್ಸಿಗೆ ಮಾಡುತ್ತಿದ್ದೇನೆ.

ಆ ಫ್ರೀಜರ್‌ಗಳದ್ದೂ ಒಂದು ಕಥೆ. ಎಲ್ಲವನ್ನೂ ಮೈನಸ್ 80 ಡಿಗ್ರಿಯಲ್ಲೇ ಇಡುತ್ತಾರೆ. ಮೈನಸ್ 70ಕ್ಕೆ ಇಟ್ಟರೂ ಬಹಳಷ್ಟು ಸ್ಯಾಂಪಲ್‌ಗಳಿಗೆ ಏನೂ ಆಗುವುದಿಲ್ಲ, ಕರೆಂಟು ಮಾತ್ರ ಸುಮಾರು ಶೇ. 30ರಷ್ಟು ಉಳಿಯುತ್ತದೆ. ಪ್ರೊಫೆಸರುಗಳು ಒಪ್ಪಬೇಕಲ್ಲ! ವರ್ಷಗಟ್ಟಲೆ ಕೂಡಿಟ್ಟ ಸ್ಯಾಂಪಲ್ ಹಾಳಾದರೆ ಅನ್ನುವ ಭಯ ಅವರಿಗೆ. ಆ ಭಯ ನನಗೂ ಗೊತ್ತು, ಐದು ವರ್ಷ ಅದೇ ಬೆಂಚಿನಲ್ಲಿ ದುಡಿದವಳು ನಾನು. ಅದಕ್ಕೇ ನನ್ನ ಮಾತು ಕೇಳುತ್ತಾರೆ. ಓದಿದ್ದು ಎಲ್ಲೂ ದಂಡವಾಗಿಲ್ಲ. ಈ ಸಾಲನ್ನು ಅಪ್ಪನಿಗೆ ಎರಡು ಸಲ ಓದು.

ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದಾರಾ? ತಲೆ ಸುತ್ತುವುದು, ಎದೆ ಭಾರ ಏನಾದರೂ ಇದೆಯಾ? "ನಾಳೆ ನೋಡೋಣ" ಅಂದರೆ ಬಿಡಬೇಡ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು.

ಹೋದ ತಿಂಗಳು ಆಫೀಸಿನಿಂದ ಇಂಡಿಯಾನಾದ ಮನ್ಸಿ ಅನ್ನುವ ಊರಿಗೆ ಹೋಗಿದ್ದೆವು. ಅಲ್ಲಿನ ಬಾಲ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮೊದಲು ಕಲ್ಲಿದ್ದಲು ಸುಟ್ಟು ಕಟ್ಟಡಗಳನ್ನು ಬೆಚ್ಚಗಿಡುತ್ತಿದ್ದರು. 2009ರಲ್ಲಿ ಬೋರ್ ಕೊರೆಯಲು ಶುರು ಮಾಡಿದರು. ಸುಮಾರು 3,600 ಬೋರು, ಒಂದೊಂದೂ 400-500 ಅಡಿ! ನೀರಿಗೆ ಅಂದುಕೊಳ್ಳಬೇಡಿ. ಅಷ್ಟು ಆಳದಲ್ಲಿ ಮಣ್ಣು ವರ್ಷವಿಡೀ ಒಂದೇ ಹದದಲ್ಲಿರುತ್ತದೆ. ಪೈಪಿನಲ್ಲಿ ನೀರು ಸುತ್ತಿಸಿ ಚಳಿಗಾಲದಲ್ಲಿ ಆ ಶಾಖವನ್ನು ಮೇಲೆ ತರುತ್ತಾರೆ, ಬೇಸಿಗೆಯಲ್ಲಿ ಕಟ್ಟಡದ ಬಿಸಿಯನ್ನು ಕೆಳಗೆ ಬಿಡುತ್ತಾರೆ. 2014ರಲ್ಲಿ ಕಲ್ಲಿದ್ದಲ ಬಾಯ್ಲರುಗಳನ್ನು ಆರಿಸಿಯೇ ಬಿಟ್ಟರು. ಮೇಲೆ ನಿಂತರೆ ಏನೂ ಕಾಣುವುದಿಲ್ಲ, ಬರೀ ನೆಲ. ಸುಮ್ನೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ನಮ್ಮಲ್ಲಿ ಅಷ್ಟು ದೊಡ್ಡ ಕೆಲಸಕ್ಕೆ ಇನ್ನೂ ಹಣ ಒದಗಿಲ್ಲ. ಗಾಜು ಇಳಿಸಲು ಹಣ ಬೇಡ ಅಲ್ವಾ, ಅದನ್ನಂತೂ ಮಾಡುತ್ತೇವೆ.

ಅಮ್ಮ, ಈ ಕೆಲಸ ಕಾಯಂ. ಸಂಬಳ ಮೊದಲಿಗಿಂತ ಜಾಸ್ತಿ. ವೀಸಾ ಸರಿಯಾಗಿದೆ, ಇನ್ಶೂರೆನ್ಸ್ ಇದೆ. ಸಾಲದ ಕಂತು ಒಂದು ತಿಂಗಳೂ ತಪ್ಪಿಲ್ಲ, ತಪ್ಪುವುದೂ ಇಲ್ಲ. ಊಟ ಸೇರಲಿಲ್ಲ ಅಂದೆನಲ್ಲ, ಈಗ ಹೊಟ್ಟೆತುಂಬ ಉಣ್ಣುತ್ತಿದ್ದೇನೆ, ಚೆನ್ನಾಗಿ ನಿದ್ದೆ ಬರುತ್ತಿದೆ. ನನ್ನ ಚಿಂತೆ ಒಂದಿಷ್ಟೂ ಬೇಡ.

ಬಸ್ಸಿಗೆ ಹೊತ್ತಾಯಿತು, ಇವತ್ತೂ ಲ್ಯಾಬಿನ ಸುತ್ತು ಇದೆ. ಅಪ್ಪನ ಬಿಪಿ ಎಷ್ಟಿದೆ ಅಂತ ತಕ್ಷಣ ಬರಿ.

ನಿನ್ನ ಮಗಳು